ಎತ್ತಿ ಹಿಡಿದ ಕೋಲು

ಯಾಕೆ ನಿಲ್ಲಿಸಿದಳು ಈಗ? ರಾಗಿಣಿ ಬಾಯಿಬಿಟ್ಟೇ ಕೇಳಿದಳು, ಮಹಡಿಯ ಕೋಣೆಯಲ್ಲಿ ಕೇಳಿಸಿಕೊಳ್ಳಲು ಡ್ರಮ್ಮುಗಳನ್ನು ಬಿಟ್ಟರೆ ಯಾರೂ ಇರಲಿಲ್ಲ, ಕೆಳಗೆ ಹಜಾರದಲ್ಲಿ ಅಮ್ಮನ ಗಮಕ ಪದ್ಯದ ನಡುವೆ ನಿಂತಿತ್ತು, ಕಥೆಯಲ್ಲಿ ತನ್ನ ಕಡೆಗೆ ಬಾ ಎಂದು ಕರೆದ ಹೆತ್ತವಳಿಗೆ ಮಗ ಉತ್ತರ ಕೊಡಬೇಕಾದ ಜಾಗ, ಅಮ್ಮ ಅಲ್ಲಿ ಯಾವಾಗಲೂ ನಿಲ್ಲುತ್ತಾಳೆ, ಎಷ್ಟು ಹೊತ್ತು ಅಂತ ಅವಳಿಗೇ ಗೊತ್ತಿಲ್ಲ, ತಾಳ ಹಾಕುವವರಿಲ್ಲ, ಉಸಿರೊಂದೇ — ಬಸವೇಶ್ವರನಗರದ ಇದೇ ಮನೆಯಲ್ಲಿ ರಾಗಿಣಿ ಫ್ರಾಕು ತೊಟ್ಟು ಗೋಡೆಗೊರಗಿ ಆ ಮೌನವನ್ನು ಕೇಳಿ ಕೇಳಿಯೇ ಬೆಳೆದದ್ದು, ಆಮೇಲೆ ಓದಲು ಹೋದ ಇಂಗ್ಲೆಂಡಿನ ಲೀಡ್ಸಿನಲ್ಲಿ, ನಾಲ್ಕು ಜನರ ಬ್ಯಾಂಡಿನಲ್ಲಿ, ಡ್ರಮ್ಮಿನ ಹಿಂದೆ ಕೂತು, ಹಾಡಿನ ಕೊನೆಯ ಸಾಲಿಗೆ ಮುಂಚೆ ಕೋಲು ಎತ್ತಿ ಗಾಳಿಯಲ್ಲೇ ಹಿಡಿದದ್ದು. ನಾಲ್ಕಕ್ಕೆ ಫೋನ್ ಮಾಡ್ತೀನಿ ಅಂದಿದ್ದಾನೆ ಕ್ಯಾಲಮ್, ಆಗ ಹಾಡುತ್ತಿದ್ದವನು, ಬ್ಯಾಂಡು ಮುರಿದು ಆರು ವರ್ಷವಾದ ಮೇಲೆ ಎಲ್ಲರನ್ನೂ ಹುಡುಕಿ ಹಿಡಿದಿದ್ದಾನೆ, ಗಿಟಾರಿನ ಜೆಸ್ ಈಗ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುತ್ತಾಳಂತೆ, ಬೇಸ್ ನುಡಿಸುತ್ತಿದ್ದ ಓವೆನ್ ಮನೆಮನೆಗೆ ನಲ್ಲಿ ರಿಪೇರಿಗೆ ಹೋಗುತ್ತಾನಂತೆ, ಇಬ್ಬರೂ ಹೂಂ ಅಂದಿದ್ದಾರೆ, ನೀನೊಬ್ಬಳು ಬಂದರೆ ಆಯಿತು, ಎಂಟು ಊರು, ದೊಡ್ಡ ವೇದಿಕೆಗಳು, ಒಂದೇ ಒಂದು ಷರತ್ತು, ಈ ಸಲ ಕಿವಿಗೆ ಕ್ಲಿಕ್, ಅಂದರೆ ತಾಳ ಎಣಿಸುವ ಯಂತ್ರದ ಸದ್ದು, ಹಾಕಿಕೊಳ್ಳಬೇಕು, ಟಿಕ್ ಟಿಕ್ ಟಿಕ್, ಯಂತ್ರ ಹೇಳಿದಾಗ ಬಾರಿಸಬೇಕು, ದೀಪಗಳೂ ಅದನ್ನೇ ನೋಡಿಕೊಂಡು ಹತ್ತುತ್ತವೆ, ಕಾಯುವ ಹಾಗಿಲ್ಲ.

ಆಸೆ ಇಲ್ಲವೇ, ಇದೆ, ವಾರಕ್ಕೆ ಮೂರು ದಿನ ಮಾರೇನಹಳ್ಳಿಯ ಬಾಡಿಗೆ ಮಳಿಗೆಯಲ್ಲಿ ಮಿಸ್ ಮಿಸ್ ಅನ್ನುವ ಮಕ್ಕಳಿಗೆ ಡ್ರಮ್ ಹೇಳಿಕೊಡುವವಳಿಗೆ, ಎದುರುಮನೆ ಕಲ್ಯಾಣಮ್ಮನಿಂದ ಏನೇ ರಾಗಿಣಿ, ಇಂಗ್ಲೆಂಡಲ್ಲಿ ಬ್ಯಾಂಡ್‌ಸೆಟ್ಟಲ್ಲಿ ಇದ್ದ್ಯಂತೆ, ನಮ್ಮ ಇಂಚರಾ ಮದ್ವೆಗೂ ನೀನೇ ಬಾರಿಸ್ಬಿಡು ಕಣೇ ಅನ್ನಿಸಿಕೊಂಡು ನಗುವವಳಿಗೆ, ಒಮ್ಮೆ ಮತ್ತೆ ಆ ವೇದಿಕೆಯ ಬೆಳಕಿನಲ್ಲಿ ಕೂರಬೇಕು ಅನ್ನಿಸುವುದಿಲ್ಲವೇ — ಆದರೆ ಆ ಕೊನೆಯ ಕಾರ್ಯಕ್ರಮ, ಕೋಲು ಮೇಲಿದೆ, ಮುನ್ನೂರು ಜನ ಉಸಿರು ಹಿಡಿದಿದ್ದಾರೆ, ಒಬ್ಬರೂ ಕೆಮ್ಮುವುದಿಲ್ಲ, ಇನ್ನೊಂದು ಚೂರು, ಇನ್ನೊಂದು ಚೂರು, ಕ್ಯಾಲಮ್ ತಿರುಗಿ ನೋಡುತ್ತಾನೆ, ತಡೆಯಲಾರ, ಅವಳನ್ನು ಬಿಟ್ಟೇ ಹಾಡಿಬಿಡುತ್ತಾನೆ, ಕೋಲು ಮೇಲೆಯೇ ಉಳಿಯುತ್ತದೆ, ವಾಪಸು ಬರುವ ವ್ಯಾನಿನಲ್ಲಿ ನೀನು ಏಟು ತಪ್ಪಿದೆ ಅಂದ, ತಪ್ಪಲಿಲ್ಲ, ಕಾದೆ ಅಂದಳು, ಯಾರೂ ಅವಳ ಪರ ಮಾತಾಡಲಿಲ್ಲ, ಆ ವಾರ ಕಳೆಯುವಷ್ಟರಲ್ಲಿ ಬ್ಯಾಂಡೇ ಇರಲಿಲ್ಲ, ಹೋಗಲಿ, ಆ ಬೆಳಕನ್ನು ಅವನೇ ಇಟ್ಟುಕೊಳ್ಳಲಿ, ಈ ಕಿವಿ ಅಮ್ಮ ತುಂಬಿಸಿದ ಕಿವಿ, ಇದರೊಳಗೆ ಟಿಕ್ ಟಿಕ್‌ಗೆ ಜಾಗವಿಲ್ಲ — ಫೋನು ಅದುರುತ್ತಿದೆ, ಪರದೆಯಲ್ಲಿ ಗಡ್ಡ ಬಿಟ್ಟ ಕ್ಯಾಲಮ್, ಬರ್ತೀಯ ತಾನೆ, ಮೂರು ನಿಮಿಷದ ಹಾಡಿನಲ್ಲಿ ಒಂದು ಕ್ಷಣ ಬಿಟ್ಟುಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ, ಅವಳ ಬಲಗೈ ತಾನಾಗಿ ಎದ್ದಿದೆ, ಕೋಲಿನ ತುದಿ ಗಾಳಿಯಲ್ಲಿ, ಕೆಳಗೆ ಅಮ್ಮ ಉಸಿರೆಳೆದುಕೊಂಡು ಮಗನ ಉತ್ತರವನ್ನು ಎತ್ತಿಕೊಂಡಳು, ಇಲ್ಲ ಕ್ಯಾಲಮ್, ಬರಲ್ಲ, ಅಂದಳು ರಾಗಿಣಿ, ಮೊದಲು ಅವನಿಗೆ ತಿಳಿಯದ ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಕೋಲು ಇನ್ನೂ ಮೇಲೆ