ಚಿರತೆಯನ್ನು ಮಲಗಿಸಿದವಳು ನಾನು

ನನ್ನನ್ನು ನೋಡಿದ ಕೂಡಲೇ ಸಿಲಿಂಡರ್ ಸಾಗಿಸುವ ತಳ್ಳುಗಾಡಿ ಎಂದುಕೊಳ್ಳುವವರೇ ಹೆಚ್ಚು. ಆಗ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಅರಿವಳಿಕೆ ಯಂತ್ರ. ಆಪರೇಷನ್ ಹೊತ್ತಿನಲ್ಲಿ ರೋಗಿಯನ್ನು ಮಲಗಿಸುವುದು, ಉಸಿರಾಡಿಸುವುದು, ಮತ್ತೆ ಎಬ್ಬಿಸುವುದು ನನ್ನ ಕಸುಬು. ಪೀಣ್ಯದ ಒಂದು ಶೆಡ್ಡಿನಲ್ಲಿ ನನಗೆ ಕೊಳವೆಗಳನ್ನು ಜೋಡಿಸಿ, ಕಪ್ಪು ರಬ್ಬರ್ ಚೀಲ ತೂಗುಹಾಕಿ, ಕಾಲಿಗೆ ಗಾಲಿ ಕೊಟ್ಟು ಕಳಿಸಿದರು.

ಬಂದದ್ದು ತುಮಕೂರಿನ ಒಂದು ಹೆರಿಗೆ ಆಸ್ಪತ್ರೆಗೆ. ಅಲ್ಲಿ ನನ್ನ ಒಡತಿ ಅರಿವಳಿಕೆ ವೈದ್ಯೆ ಸರ್ವಮಂಗಳಾ. ಆಪರೇಷನ್ ಮುಗಿಯುತ್ತಲೇ ಬಾಣಂತಿಯ ಕೆನ್ನೆ ತಟ್ಟಿ, ಮುಗೀತು ಕಣಮ್ಮಾ ಎಂದು ಎಬ್ಬಿಸುವುದು ಅವರ ರೂಢಿ. ಅವರು ನಿವೃತ್ತರಾದರು. ಪರದೆಯಿರುವ ಹೊಸ ಯಂತ್ರವೂ ಬಂತು. ನನ್ನನ್ನು ಉಗ್ರಾಣಕ್ಕೆ ತಳ್ಳಿ, ನೆತ್ತಿಯ ಮೇಲೆ ಬಕೆಟ್ಟು ಇಟ್ಟರು. ಸಿಟ್ಟು ಬಂದರೂ ಯಾರಿಗೆ ಹೇಳಲಿ?

ಅಲ್ಲಿಗೆ ನನ್ನನ್ನು ಹುಡುಕಿಕೊಂಡು ಬಂದವರು ವನ್ಯಜೀವಿ ಆರೈಕೆ ಕೇಂದ್ರದ ಪಶುವೈದ್ಯ ಓಬಳೇಶ್. ಹೆದ್ದಾರಿಯಲ್ಲಿ ಲಾರಿ ಬಡಿದು ಒಂದು ಹೆಣ್ಣು ಚಿರತೆಯ ತೊಡೆಮೂಳೆ ಮುರಿದಿತ್ತು. ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಬಿಗಿದರೆ ಅವಳಿಗೆ ಮತ್ತೆ ಕಾಡು. ಇಲ್ಲವಾದರೆ ಕುಂಟುವ ಕಾಲಿನಲ್ಲಿ ಬೇಟೆಯಾಡಲಾಗದೆ, ಸಾಯುವವರೆಗೂ ಬೋನು. ಸೂಜಿಮದ್ದಿನ ನಿದ್ದೆ ಅಷ್ಟು ಹೊತ್ತಿಗೆ ಸಾಲದು ಎಂದು ಅವರು ಕೇಳಿದ್ದು ನನ್ನನ್ನು ಮಾತ್ರ. ಸುದ್ದಿ ತಿಳಿದ ಸರ್ವಮಂಗಳಾ ತಾವೂ ಬರುವುದಾಗಿ ಹಟ ಹಿಡಿದರು.

ಕೇಂದ್ರದ ಆಪರೇಷನ್ ಮೇಜಿನ ಮೇಲೆ ಚಿರತೆಯನ್ನು ನೋಡಿದಾಗ, ನಿಜ ಹೇಳುತ್ತೇನೆ, ನನ್ನ ಗಾಲಿಗಳು ಹಿಂದಕ್ಕೆ ಉರುಳಲು ನೋಡಿದವು. ಬಂದೂಕಿನಿಂದ ಹೊಡೆದ ಸೂಜಿಮದ್ದಿಗೆ ಮೈ ಸೋತಿತ್ತು, ಕಣ್ಣು ಮಾತ್ರ ತೆರೆದೇ ಇತ್ತು. ಆ ಮದ್ದಿನ ಗುಣವೇ ಹಾಗೆ ಎನ್ನುತ್ತ ಓಬಳೇಶ್ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ಸರ್ವಮಂಗಳಾ ಕೋರೆಹಲ್ಲುಗಳ ನಡುವೆ ಕೈ ಹಾಕಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ ನನಗೆ ಜೋಡಿಸಿದರು. ಅವಳ ಉಸಿರಿಗೆ ನನ್ನ ಚೀಲ ಉಬ್ಬಿತು, ಇಳಿಯಿತು. ಎಷ್ಟು ವರ್ಷಗಳ ಮೇಲೆ!

ಅರ್ಧ ಸ್ಕ್ರೂಗಳನ್ನು ಬಿಗಿದಿರುವಾಗ ಚೀಲ ಅಲುಗುವುದು ನಿಂತಿತು. ಚಿರತೆ ಉಸಿರಾಡುತ್ತಿರಲಿಲ್ಲ. ಓಬಳೇಶ್ ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಿದರು. ಇಷ್ಟಕ್ಕೇ ಹೊಲಿಗೆ ಹಾಕಿ ಎಬ್ಬಿಸಿಬಿಡೋಣ, ಕಾಲು ಹೋದರೆ ಹೋಗಲಿ, ಜೀವ ಉಳಿಯಲಿ ಎಂದರು. ಸರ್ವಮಂಗಳಾ ನನ್ನ ನಿದ್ದೆಮದ್ದಿನ ತಿರುಪು ತಗ್ಗಿಸಿ, ಚೀಲವನ್ನು ಅಂಗೈಯಲ್ಲಿ ಹಿಡಿದರು.

“ಮೂಳೆ ನೀವು ನೋಡ್ಕೊಳ್ಳಿ ಡಾಕ್ಟ್ರೇ. ಉಸಿರು ನನಗೆ ಬಿಡಿ.”

ಒತ್ತಿದರು, ಬಿಟ್ಟರು. ಒತ್ತಿದರು, ಬಿಟ್ಟರು. ಹಳೆಯ ರಬ್ಬರು ಎಲ್ಲಿ ಬಿರಿಯುತ್ತದೋ ಎಂದು ನನಗೆ ಪುಕಪುಕ. ಆದರೂ ಒಂದಿಷ್ಟು ಗಾಳಿಯನ್ನೂ ಸೋರಲು ಬಿಡಲಿಲ್ಲ ನಾನು. ಕಡೆಯ ಸ್ಕ್ರೂ ಬಿಗಿದು ಹೊಲಿಗೆ ಹಾಕುವಾಗ ಚೀಲ ತಾನಾಗಿಯೇ ಅಲುಗಿತು. ಗೆದ್ದೆವು!

ಆ ಖುಷಿಯಲ್ಲೇ ಎಡವಟ್ಟಾಯಿತು. ಸರ್ವಮಂಗಳಾ ನನ್ನ ತಿರುಪು ಪೂರ್ತಿ ಮುಚ್ಚಿ, ಹಳೆಯ ರೂಢಿಯಲ್ಲಿ ಚಿರತೆಯ ಕೆನ್ನೆ ತಟ್ಟಿದರು.

“ಮುಗೀತು ಕಣಮ್ಮಾ, ಕಣ್ಣು ಬಿಡು.”

ಕಿವಿ ಅದುರಿತು. ತುಟಿ ಮೇಲೆದ್ದು ಹಲ್ಲು ಕಂಡಿತು. ಕೂಗುವಂತೆಯೂ ಇಲ್ಲದೆ ಓಬಳೇಶ್ ಪಿಸುಗುಟ್ಟಿದರು.

“ಮೇಡಂ, ಬಾಣಂತಿ ಅಲ್ಲ ಅದು. ಕೈ ತೆಗೀರಿ.”

ತಿರುಪು ಮತ್ತೆ ತೆರೆಯಿತು. ಇದ್ದಬದ್ದ ನಿದ್ದೆಯನ್ನೆಲ್ಲ ಅವಳ ಕಡೆ ಕಳಿಸಿದೆ. ಅವಳನ್ನು ಬೋನಿಗೆ ಸಾಗಿಸಿ, ಕೊಳವೆ ತೆಗೆದು, ಚಿಲಕ ಹಾಕಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂಳೆ ಕೂಡಿಕೊಂಡ ಮೇಲೆ ಅವಳನ್ನು ಕಾಡಿಗೆ ಬಿಟ್ಟರು. ಅಲ್ಲಿಗೆ ನನ್ನನ್ನು ಕರೆದೊಯ್ಯುವವರು ಯಾರು? ಓಬಳೇಶ್ ಫೋನಿನಲ್ಲಿ ತೆಗೆದುಕೊಂಡು ಬಂದ ವಿಡಿಯೋವನ್ನು ಸರ್ವಮಂಗಳಾ ನನ್ನ ಪಕ್ಕದಲ್ಲೇ ನಿಂತು ನೋಡಿದರು, ಹಾಗಾಗಿ ನಾನೂ ನೋಡಿದೆ. ಬೋನಿನ ಬಾಗಿಲು ಮೇಲೆದ್ದಿತು. ಅವಳು ಮುರಿದಿದ್ದ ಕಾಲನ್ನೇ ಊರಿ ಚಿಮ್ಮಿ, ಬಂಡೆಯಿಂದ ಬಂಡೆಗೆ ಹಾರಿ ಪೊದೆಯಲ್ಲಿ ಮರೆಯಾದಳು. ಒಂದಿಷ್ಟೂ ಕುಂಟಲಿಲ್ಲ. ಸರ್ವಮಂಗಳಾ ಅಳುತ್ತಲೇ ನಕ್ಕರು.

ಈಗ ನನಗೆ ವಯಸ್ಸಾಗಿದೆ. ಕೇಂದ್ರದ ಮೂಲೆಯಲ್ಲಿದ್ದೇನೆ, ಅಪರೂಪಕ್ಕೆ ಕಾಡುಬೆಕ್ಕು ಬಂದರೆ ಕೆಲಸ. ಇದನ್ನು ಗುಜರಿಗೆ ಹಾಕಬಾರದೇ ಎಂದು ಹೊಸಬರು ಕೇಳಿದರೆ, ಓಬಳೇಶ್ ಫೋನು ತೆಗೆದು ತೋರಿಸುತ್ತಾರೆ. ಅವಳು ಬಂಡೆ ಹಾರುವುದನ್ನು ನೋಡಿದವರು ನನ್ನ ಮೇಲಿನ ಧೂಳು ಒರೆಸಿ ಹೋಗುತ್ತಾರೆ. ಆ ಓಟದಲ್ಲಿ ನನ್ನದೂ ಪಾಲಿದೆ. ಜಂಬ ಅನ್ನಿ, ಏನಾದರೂ ಅನ್ನಿ.