ಕಿಲಾರಿಯ ಕೈ

ಸಂತೇಬೆನ್ನೂರಿನ ಸಂತೆಯಲ್ಲಿ ದನಗಳಿಗೆ ಉಪ್ಪು ಕೊಂಡು ಗಾದ್ರಪ್ಪ ಸೂಳೆಕೆರೆಯ ದಾರಿ ಹಿಡಿದಾಗ ನೆಲ ಕಾದ ಹೆಂಚಾಗಿತ್ತು. ಕಾಲಲ್ಲಿ ಕೆರ ಇರಲಿಲ್ಲ. ದೇವರೆತ್ತು ಕಾಯುವ ಕಿಲಾರಿ ಕೆರ ಮೆಟ್ಟುವಂತಿಲ್ಲ, ಮಂಚದ ಮೇಲೆ ಮಲಗುವಂತಿಲ್ಲ, ತಾನೋ ಜೊತೆಯ ಕಿಲಾರಿಯೋ ಬೇಯಿಸಿದ್ದನ್ನು ಬಿಟ್ಟು ಬೇರೆಯವರ ಅನ್ನ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಕೋಳಿಯ ಮೈಲಿಗೆ. ಜಗಳೂರು ಕಡೆಯ ಅವನ ಹಟ್ಟಿಯಲ್ಲಿ ಕೋಳಿ ಸಾಕುವುದಿರಲಿ, ಅದರ ಪುಕ್ಕವೊಂದು ಗಾಳಿಗೆ ಹಾರಿಬಂದು ಅಂಗಳಕ್ಕೆ ಬಿದ್ದರೂ ಹೆಂಗಸರು ಸಗಣಿ ಹಾಕಿ ಸಾರಿಸುತ್ತಿದ್ದರು.

ಮೀಸೆ ಮೂಡುವ ಮೊದಲೇ ದೇವರೆತ್ತುಗಳ ಹಿಂದೆ ಹೊರಟ ಗಾದ್ರಪ್ಪನಿಗೆ ಈಗ ಕಿವಿಯ ಮೇಲೆ ನರೆ ಬಂದಿತ್ತು. ಇಷ್ಟು ಕಾಲದಲ್ಲಿ ಒಂದು ನೇಮವನ್ನೂ ಮೀರಿದವನಲ್ಲ. ಹಟ್ಟಿಯ ಜನ ಅವನ ಬಗ್ಗೆ ಹೇಳುತ್ತಿದ್ದುದು ಅದನ್ನೇ. ಅವನು ಒಳಗೊಳಗೇ ತನಗೆ ಹೇಳಿಕೊಳ್ಳುತ್ತಿದ್ದುದೂ ಅದನ್ನೇ.

ದಾರಿಯಲ್ಲಿ ತಲೆ ತಿರುಗಿತು. ಯಾವುದೋ ಊರ ಅಂಚಿನ ಮನೆಯ ಜಗಲಿಯ ಮೇಲೆ ಕುಸಿದು ಕೂತ. ಆ ಮನೆಯ ಹುಲಿಗೆಮ್ಮ ನೀರು ತಂದಳು, ಹಿಂದೆಯೇ ಗಂಗಾಳದಲ್ಲಿ ಮುದ್ದೆ ಸಾರು.

"ಬ್ಯಾಡವ್ವ," ಅಂದ.

"ಬ್ಯಾಡ ಅನ್ನಾಕೂ ಮೈಯಾಗೆ ಕಸುವು ಬೇಕಲ್ಲಣ್ಣ. ಉಣ್ಣು, ಆಮೇಲೆ ಬ್ಯಾಡ ಅನ್ನುವಂತೆ."

ಉಂಡ. ಕಣ್ಣಿಗೆ ಕವಿದಿದ್ದ ಕತ್ತಲೆ ಸರಿಯಿತು. ಆಗ ಕಂಡಿತು, ಅಡುಗೆಮನೆಯ ಹೊಸಿಲು ದಾಟಿ ಹೊರಗೆ ಬರುತ್ತಿದ್ದ ಹೇಂಟೆ.

"ಸಾರು ಯಾತರದು ತಾಯಿ?"

"ಹುರುಳಿಕಟ್ಟಿನ ಸಾರು ಕಣಣ್ಣ. ರುಚಿ ಐತಲ್ಲ? ನಿನ್ನೆ ಕೋಳಿ ಬೇಯ್ಸಿದ ಗಡಿಗೆ, ಅದಕ್ಕೇ ಇರಬೇಕು."

ಊರು ಮರೆಯಾದ ಮೇಲೆ ಗಾದ್ರಪ್ಪ ಬೇಲಿಯ ಪಕ್ಕ ಕೂತು ಗಂಟಲಿಗೆ ಬೆರಳು ಹಾಕಿದ. ಬಾಯಿಗೆ ಬಂದದ್ದು ನೀರು ಮಾತ್ರ. ಉಂಡದ್ದು ಒಳಗೇ ಉಳಿಯಿತು.

ಅದು ಎಲ್ಲೋ ಪರದೇಶದಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಆ ಬೇಸಿಗೆ ಜಗಳೂರು ಕಡೆ ಮೇವು ತೀರಿತ್ತು. ಅಂಥ ವರ್ಷಗಳಲ್ಲಿ ದೇವರೆತ್ತುಗಳನ್ನು ಸೂಳೆಕೆರೆಗೆ ಹೊಡೆದುಕೊಂಡು ಬರುವುದು ರೂಢಿ. ನೀರು ಹಿಂದೆ ಸರಿದ ಕಡೆಯೆಲ್ಲ ಹಸಿರು ಏಳುತ್ತಿತ್ತು. ಮಂದೆಯ ಜೊತೆ ಇದ್ದವರು ಇಬ್ಬರೇ, ಗಾದ್ರಪ್ಪ ಮತ್ತು ಮುದುಕ ಜಂಪಣ್ಣ. ಮಂದೆಯ ಮುಂದಾಳು ಮುತ್ತಿಗ ಎಂಬ ಎತ್ತು. ಹಟ್ಟಿಯ ದೇವರು ಈ ಎತ್ತಿನ ಹಿಣಿಲಿನ ಮೇಲೆ, ಹೆಗಲ ಡುಬ್ಬದ ಮೇಲೆ, ಕೂತು ನಡೆಯುತ್ತಾನೆಂದು ಜನ ನಂಬಿದ್ದರು. ಮೈಲಿಗೆಯಾದ ಕಿಲಾರಿಯೊಬ್ಬ ಮುಚ್ಚಿಟ್ಟುಕೊಂಡು ಮುಂದಾಳಿನ ಮೈ ಮುಟ್ಟಿದ್ದ, ಅದು ನಿಂತಲ್ಲೇ ಬಿತ್ತು, ಆಮೇಲೆ ಇಡೀ ಮಂದೆ ಬಿತ್ತು ಎಂಬ ಕತೆಯನ್ನು ಗಾದ್ರಪ್ಪ ಚಿಕ್ಕಂದಿನಲ್ಲೇ ಕೇಳಿದ್ದ.

ಹೇಳಿಬಿಡಬೇಕೆಂದೇ ಮಂದೆಯ ಬಳಿಗೆ ಬಂದ. ಜಂಪಣ್ಣನ ಮುಖ ಕಂಡ ಕೂಡಲೇ ನಾಲಿಗೆ ಅಂಟಿಕೊಂಡಿತು. ಹೇಳಿದರೆ ಅವತ್ತೇ ಕಿಲಾರಿತನ ಹೋಗುತ್ತದೆ. ಅದೊಂದನ್ನು ತೆಗೆದರೆ ತನ್ನಲ್ಲಿ ಇನ್ನೇನು ಉಳಿಯುತ್ತದೆಂದು ಅವನಿಗೆ ತಿಳಿಯಲಿಲ್ಲ. ಅಂಗೈಗೆ ಬಟ್ಟೆ ಸುತ್ತಿಕೊಂಡ.

"ಕಾರೆಮುಳ್ಳು ಚುಚ್ಚೈತೆ ಮಾವ. ದನ ಮುಟ್ಟಾಕೆ ಆಗಲ್ಲ."

"ಉಪ್ಪು ತಾ ಅಂತ ಕಳಿಸಿದ್ರೆ ಮುಳ್ಳು ತಂದ್ಯಾ," ಅಂದ ಜಂಪಣ್ಣ. "ಎಲ್ಲಿ, ತೋರ್ಸು."

"ಬಿಡು ಮಾವ, ಕೀವಾಗೈತೆ."

ಮುದುಕನೇ ಎಲ್ಲ ಮಾಡಿದ. ಉಪ್ಪು ನೆಕ್ಕಿಸಿದ, ಉಣ್ಣಿ ಕಿತ್ತ, ಮೈ ತಿಕ್ಕಿದ. ಗಾದ್ರಪ್ಪ ದೂರದಲ್ಲಿ ನಿಂತು ಕೂಗು ಹಾಕುತ್ತಿದ್ದ, ಅಷ್ಟೆ. ಹೊತ್ತಿಗೊಮ್ಮೆ ಕೆರೆಯಲ್ಲಿ ಮುಳುಗಿ ಏಳುವನು, ವಿಭೂತಿ ಬಳಿದುಕೊಳ್ಳುವನು, ಒಪ್ಪೊತ್ತು ಉಪವಾಸ. ಬಾಯಿ ದೇವರ ಹೆಸರು ಹೇಳುತ್ತಿತ್ತು, ಕಣ್ಣು ಮುತ್ತಿಗನ ಮೇಲಿರುತ್ತಿತ್ತು. ಎತ್ತು ಕೆಮ್ಮಿದರೆ ಇವನ ಎದೆ ಧಸಕ್ಕೆನ್ನುವುದು. ಮೆಲುಕು ಹಾಕುವುದನ್ನು ಒಂದು ಗಳಿಗೆ ನಿಲ್ಲಿಸಿದರೆ, ಬಂತು, ಈಗ ಬಂತು ಅನ್ನಿಸುವುದು. ದೇವರನ್ನು ಇಷ್ಟೊಂದು ನೆನೆದ ದಿನಗಳು ಅವನಿಗೆ ಹಿಂದೆ ಇರಲಿಲ್ಲ.

"ಏನ್ಲಾ ಗಾದ್ರಿ, ಸ್ವಾಮಿ ಆಗಿಬಿಡ್ತೀಯಾ ಹೆಂಗೆ?" ಎಂದು ಜಂಪಣ್ಣ ನಕ್ಕ. "ಆಗಾದಾದ್ರೆ ಮೊದ್ಲು ಹೇಳು, ಬೇರೆ ಆಳು ನೋಡ್ಕಂತೀನಿ."

ಗಾದ್ರಪ್ಪನಿಗೆ ನಗಲಾಗಲಿಲ್ಲ. ತಿಳಿದೇ ಹೇಳುತ್ತಿದ್ದಾನೋ ಎಂದು ಮುದುಕನ ಮುಖ ನೋಡಿದ.

ಒಂದು ದಿನ ಮಟಮಟ ಮಧ್ಯಾಹ್ನ ಮುತ್ತಿಗ ಮಂದೆ ಬಿಟ್ಟು ನೀರಿನ ಕಡೆ ನಡೆಯಿತು. ಅಲ್ಲಿ ನೆಲ ಮೇಲೆ ಒಣಗಿ ಬಿರಿದಿರುತ್ತದೆ, ಕೆಳಗೆ ಹೂಳು. ನಡುವೆ ಎಳೆ ಹುಲ್ಲು. ಮುತ್ತಿಗ ಕೂಗಿಗೆ ಬಗ್ಗುವ ಎತ್ತಲ್ಲ. ಕಿಲಾರಿ ಹೋಗಿ ಹಿಣಿಲಿನ ಮೇಲೆ ಅಂಗೈ ಇಟ್ಟು ಒತ್ತಿದರೆ ಮಗುವಿನ ಹಾಗೆ ತಿರುಗುತ್ತದೆ. ಗಾದ್ರಪ್ಪ ಹತ್ತಿರ ಓಡಿದ. ಕೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮಣ್ಣಿನ ಹೆಂಟೆಯೊಂದನ್ನು ಹೆಕ್ಕಿ ಅದರ ಮುಂದಕ್ಕೆ ಎಸೆದ, ಕೂಗಿದ. ಮುತ್ತಿಗ ಇನ್ನೊಂದು ಹೆಜ್ಜೆ ಇಟ್ಟಿತು. ಮುಂಗಾಲು ಹೂತವು. ಕಿತ್ತುಕೊಳ್ಳಲು ಒದ್ದಾಡಿದಷ್ಟೂ ಇಳಿದು, ಹೊಟ್ಟೆ ಕೆಸರಿಗೆ ತಾಗಿತು.

ಮರದ ನೆರಳಿನಿಂದ ಜಂಪಣ್ಣ ಹಗ್ಗ ಹಿಡಿದು ಬಂದ. ಹಗ್ಗವನ್ನು ಇವನತ್ತ ಎಸೆದ. "ಕೊರಳಿಗೆ ಹಾಕಬ್ಯಾಡ, ಎದೆಗೆ ಸುತ್ತು. ಇಳಿಯೋ."

ಗಾದ್ರಪ್ಪ ಹಗ್ಗ ಹಿಡಿದು ನಿಂತ. ಮುಟ್ಟಿದರೆ ಸಾಯುತ್ತದೆ. ಮುಟ್ಟದಿದ್ದರೂ ಸಾಯುತ್ತದೆ. ಮುಟ್ಟದೆ ಸತ್ತರೆ ತನ್ನ ಮೇಲೆ ಬರುವುದಿಲ್ಲ. ಆ ಯೋಚನೆ ತನ್ನದೇ ಎಂದು ಅವನಿಗೆ ತಿಳಿಯಿತು. ಆದರೂ ಕಾಲು ಏಳಲಿಲ್ಲ.

ಮುದುಕ ಹಗ್ಗ ಕಿತ್ತುಕೊಂಡು ತಾನೇ ಇಳಿದ. ತೊಡೆತನಕ ಹೂತುಹೋದ. ತುಸು ದೂರದಲ್ಲಿ ಬಲೆ ಎಳೆಯುತ್ತಿದ್ದವರನ್ನು ಕೂಗಿ ಕರೆದ. ಅವರು ಹಲಗೆ ಹೊತ್ತು ಬಂದರು, ಬಂದವರು ಎತ್ತಿನ ಕೊರಳ ಗಂಟೆ ಕಂಡು ನಿಂತರು.

"ದೇವರೆತ್ತು ಅಲ್ವೇನ್ರಿ ಯಜಮಾನ್ರೇ?" ಅಂದ ಅವರಲ್ಲಿ ಹಿರಿಯ ಮೂಕಪ್ಪ. "ಮೀನು ಹಿಡ್ದ ಕೈ ನಮ್ಮವು. ಮುಟ್ಟಬಹುದಾ?"

"ಮುಟ್ರಪ್ಪ. ಹೊಟ್ಟೆ ಕೆಳಗೆ ಹಲಗೆ ಕೊಡ್ರಿ."

ಹಾಗೆಂದ ಜಂಪಣ್ಣನ ಗಡ್ಡ ನಡುಗುತ್ತಿತ್ತು. "ತಪ್ಪಾತು ತಂದೆ, ತಪ್ಪಾತು" ಎಂದು ತುಟಿ ಅಲುಗುತ್ತಿತ್ತು. ನೇಮದಲ್ಲಿ ತನಗಿಂತ ಬಿಗಿಯಾದ ಈ ಮುದುಕನ ಮುಖದಲ್ಲಿ ಗಾದ್ರಪ್ಪ ತನ್ನ ಹೆದರಿಕೆಯನ್ನೇ ಕಂಡ. ಒಂದು ಎಳೆಯೂ ಕಡಿಮೆ ಇರಲಿಲ್ಲ. ಆದರೆ ಮುದುಕನ ಎರಡು ಕೈಗಳೂ ಎತ್ತಿನ ಹೊಟ್ಟೆಯ ಕೆಳಗಿದ್ದವು.

ಗಾದ್ರಪ್ಪ ಇಳಿದ. ಅಂಗೈಯ ಬಟ್ಟೆ ಬಿಚ್ಚಿ ಎಸೆದ. ಮುಟ್ಟಿದ ಕ್ಷಣ ಎತ್ತು ಕತ್ತು ಚೆಲ್ಲುತ್ತದೆಂದು ನಂಬಿಕೊಂಡೇ ಹಿಣಿಲಿನ ಮೇಲೆ ಕೈ ಇಟ್ಟ. ಬಿಸಿಲಿಗೆ ಕಾದ ತೊಗಲು, ಅದರಡಿ ಅದುರುವ ಮಾಂಸ. ಎತ್ತು ಸಾಯಲಿಲ್ಲ. ಸಮಾಧಾನವನ್ನೂ ಪಡಲಿಲ್ಲ, ಮೊದಲಿನಂತೆಯೇ ಒದ್ದಾಡಿತು. ಅವನು ಒತ್ತಿ ಹಿಡಿದ. ಹಗ್ಗ ಎಳೆದರು, ಹಲಗೆ ಮೀಟಿದರು. ಬಹಳ ಹೊತ್ತಾದ ಮೇಲೆ ಮುತ್ತಿಗ ಗಟ್ಟಿ ನೆಲಕ್ಕೆ ಬಂದು ಮಲಗಿತು. ಎಬ್ಬಿಸಿದರೆ ಬಲಗಡೆಯ ಮುಂಗಾಲನ್ನು ಊರಲೊಲ್ಲದು.

ಬಲೆಯವರು ಹೋದ ಮೇಲೆ ಗಾದ್ರಪ್ಪ ಎಲ್ಲ ಹೇಳಿದ. ಗಡಿಗೆಯ ಮಾತನ್ನೂ ಹೇಳಿದ, ಇಲ್ಲದ ಮುಳ್ಳಿನ ಮಾತನ್ನೂ.

ಜಂಪಣ್ಣ ಕಾಲಿನ ಕೆಸರು ಕೆರೆದುಕೊಳ್ಳುತ್ತ ಕೇಳಿದ. "ಉಂಡಿದ್ದಕ್ಕೆ ಹಟ್ಟಿ ಐತೆ. ಹಿರೇರು ಕೂತು ಏನೋ ಒಂದು ಹೇಳ್ತಾರೆ, ಮೈಲಿಗೆ ಕಳೀತದೆ. ಹಗ್ಗ ಹಿಡ್ಕಂಡು ದಡದಾಗೆ ನಿಂತಿದ್ಯಲ್ಲ, ಅದನ್ನ ಯಾರತ್ರ ಹೋಗಿ ಕಳ್ಕಂತೀಯ?"

ಗಾದ್ರಪ್ಪ ಕೇಳಿದ, "ಬ್ಯಾರೇರ ಕೈ ಮುಟ್ಟಿಸೋವಾಗ ನಿಂಗೆ ಹೆದರಿಕೆ ಆಗ್ಲಿಲ್ವಾ ಮಾವ?"

"ಆತು. ಈಗ್ಲೂ ಐತೆ. ಹಟ್ಟಿಗೆ ಹೋದ್ರೆ ನಿನ್ನ ಪಕ್ಕದಾಗೆ ನನ್ನೂ ನಿಲ್ಲಿಸ್ತಾರೆ." ಮುದುಕ ಸೊಂಟ ಹಿಡಿದು ಎದ್ದ. "ಲಕ್ಕಿಸೊಪ್ಪು ಬಾಡಿಸಿ ಕಾಲಿಗೆ ಶಾಖ ಕೊಡು. ನನಗೆ ಬಗ್ಗಾಕೆ ಆಗಲ್ಲ."

"ನಾನಾ?"

"ಮತ್ತೇನು ಮೂಕಪ್ಪನ್ನ ಕರೀಲಾ? ಅವ ಮೀನು ಮಾರಾಕೆ ಹೋದ."

ಗಾದ್ರಪ್ಪ ಬೆಂಕಿ ಮಾಡಿದ, ಸೊಪ್ಪು ಬಾಡಿಸಿ ತಂದು ಊದಿದ ಕಾಲಿಗೆ ಒತ್ತಿದ. ಎತ್ತು ಬೆಚ್ಚಿತು. ಇವನೂ ಬೆಚ್ಚಿದ, ಆದರೆ ಕೈ ತೆಗೆಯಲಿಲ್ಲ. ಎತ್ತಿನ ಕಾಲು ನೆಟ್ಟಗಾಗುತ್ತದೋ ಇಲ್ಲವೋ, ಮಂದೆಗೆ ಏನು ಕಾದಿದೆಯೋ, ಹಟ್ಟಿಯವರು ಏನು ಹೇಳುತ್ತಾರೋ, ಒಂದೂ ತಿಳಿಯದು. ಎದೆ ಇನ್ನೂ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಸೊಪ್ಪು ಆರಿತು. ಎದ್ದು ಹೋಗಿ ಮತ್ತೆ ಬಿಸಿ ಮಾಡಿಕೊಂಡು ಬಂದ.