ಮಗ್ಗದ ಗುಂಡಿಯ ಮಣ್ಣು

ತಿರುಮಲೈಸಾಮಿಯ ಮಗ್ಗ ಸದ್ದು ಹಿಡಿಯಿತೆಂದರೆ ಅವಿನಾಶಿಯ ಆ ಕನ್ನಡ ಮಾತಿನ ನೇಕಾರರ ಬೀದಿಗೆ ಬೆಳಗಾಯಿತೆಂದೇ ಲೆಕ್ಕ. ಮುಂದಿನ ಕೋಣೆಯ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಅವನು ನೇಯಲು ಕೂರುತ್ತಿದ್ದ. ಹೆಂಡತಿ ಅಮ್ಮಣಿ ಪಕ್ಕದಲ್ಲಿ ರಾಟೆ ತಿರುಗಿಸುತ್ತ ನೂಲು ಸುತ್ತುವಳು. ತಾಯಿ ಜಾನಕಿಯಮ್ಮ, ಹಾಸಿಗೆ ಹಿಡಿದ ಗಂಡನಿದ್ದ ಮುತ್ತೈದೆ, ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತ ಬೀದಿಗೆಲ್ಲ ಬುದ್ಧಿ ಹೇಳುವಳು. ಹದಿನೇಳರ ಸಾಂತಿ, ಹನ್ನೊಂದರ ಜಾನಮ್ಮ, ಇಬ್ಬರು ಹೆಣ್ಣುಮಕ್ಕಳು. ಹಿತ್ತಿಲ ಕಡೆಯ ಕೋಣೆಯಲ್ಲಿ ತಿರುಮಲೈಸಾಮಿಯ ತಂಗಿ ವಿಜಯಕುಮಾರಿ.

ಆ ಬೀದಿಯಿಂದ ಕೊಯಮತ್ತೂರಿಗೆ ಹೋಗಿ ಬಿ.ಎಸ್ಸಿ. ಮುಗಿಸಿದ ಮೊದಲ ಹೆಣ್ಣು ವಿಜಯಕುಮಾರಿ. ಪಂಪು ತಯಾರಿಸುವ ಕಾರ್ಖಾನೆಯಲ್ಲಿದ್ದ ಗಂಡ ಒಂದು ಸಂಜೆ ಸೈಕಲ್ ಮೇಲೆ ಮನೆಗೆ ಬರುತ್ತಿದ್ದವನು ಜೀವಂತ ಬರಲಿಲ್ಲ. ಇಪ್ಪತ್ನಾಲ್ಕಕ್ಕೆ ತವರಿಗೆ ಮರಳಿದಳು. ಅವಳು ಅತ್ತು ಮುಗಿಸಿದ್ದಳೋ, ಅಳಲು ಇನ್ನೂ ಶುರುವೇ ಮಾಡಿರಲಿಲ್ಲವೋ, ಮನೆಯವರಿಗೆ ತಿಳಿಯದು. ಹೇಳಿದ ಕೆಲಸ ಮಾಡುವಳು. ಕೇಳಿದ್ದಕ್ಕೆ ಉತ್ತರ ಕೊಡುವಳು.

ಎಂಬತ್ತನಾಲ್ಕನೇ ಇಸವಿಯ ಆಡಿ ತಿಂಗಳು, ಅಂದರೆ ಆಷಾಢ. ಸಾಂತಿಗೆ ಮೆಟ್ಟುಪಾಳ್ಯದ ತರಕಾರಿ ಮಂಡಿಯವರ ಮನೆಯ ಹುಡುಗ ಗೊತ್ತಾಗಿದ್ದ. ಮುಂದಿನ ತಿಂಗಳು, ಆವಣಿಯಲ್ಲಿ, ಮದುವೆ. ಅದಕ್ಕೆ ಮೊದಲು ಈ ಮನೆಯ ಹೆಣ್ಣಿಗೆ ಒಂದು ಶಾಸ್ತ್ರ ಆಗಬೇಕು. ಬಲ ಮುಂಗೈ ಮೇಲೆ ಹಚ್ಚೆ: ಒಂದು ಲಾಳಿ, ಅದರ ಎರಡು ತುದಿಗೂ ಒಂದೊಂದು ಹೂವು. ತವರಿನ ಗುರುತು ಅದು. ಹಚ್ಚೆ ಚುಚ್ಚಿದ ಕೂಡಲೇ ಆ ಹಸಿ ಗಾಯಕ್ಕೆ ಮಗ್ಗದ ಗುಂಡಿಯ ಮಣ್ಣನ್ನು ಅರಿಸಿನದಲ್ಲಿ ಕಲಸಿ ಮೆತ್ತುತ್ತಾರೆ. ಒಂಬತ್ತು ದಿನ ನೀರು ಸೋಕಬಾರದು. ಒಂಬತ್ತನೆಯ ದಿನ ಕುಲದೇವತೆ ಚೌಡಮ್ಮನ ಗುಡಿಯ ನೀರು ತಂದು ತೊಳೆಯಬೇಕು. ಅಲ್ಲಿಯವರೆಗೆ ಗಂಡ ಸತ್ತವಳ ಕಣ್ಣು ಆ ಕೈ ಮೇಲೆ ಬೀಳಬಾರದು.

ಆದ್ದರಿಂದ ಹಚ್ಚೆ ಚುಚ್ಚುವ ಅಂಗಮ್ಮ ಬಂದ ದಿನ ವಿಜಯಕುಮಾರಿ ಅಡುಗೆಮನೆಯ ಬಾಗಿಲ ಹಿಂದೆ ಇದ್ದಳು. ಸಾಂತಿ ಕಿರುಚಿದ್ದು, ನಡುವೆ ನಕ್ಕಿದ್ದು, ಅಮ್ಮಣಿ "ಆಯ್ತು ನನ್ನ ಕಣ್ಣೇ, ಇನ್ನೊಂದೇ ಹೂವು" ಎಂದು ರಮಿಸಿದ್ದು, ಎಲ್ಲ ಕೇಳಿಸಿತು. ಕೊನೆಗೆ ಅಂಗಮ್ಮ ತನ್ನ ತಮಿಳಿನಲ್ಲಿ ಹೇಳಿದಳು:

"ಕಾಯಿಸಿ ಆರಿಸಿದ ನೀರಲ್ಲಿ ದಿನಾ ತೊಳೀರಿ. ಒಣಗಿದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಧೂಳು ಮಾತ್ರ ತಾಕಿಸಬೇಡಿ. ನನ್ನ ಕೈ ಹಚ್ಚೆ ಇವತ್ತಿನವರೆಗೂ ಕೆಟ್ಟಿಲ್ಲ."

"ಚುಚ್ಚೋದು ನಿನ್ನ ಕೆಲಸ, ಆಯ್ತಲ್ಲ? ಎಲೆಯಡಿಕೆ ತಗೊಂಡು ಹೋಗು," ಎಂದಳು ಜಾನಕಿಯಮ್ಮ. "ನಮ್ಮ ಮನೆ ಮಣ್ಣು ನಮಗೆ ಧೂಳಾ?"

ಅಂಗಮ್ಮ ಹೋದ ಮೇಲೆ ವಿಜಯಕುಮಾರಿ ಬಾಗಿಲಾಚೆಯಿಂದಲೇ ಮಾತಾಡಿದಳು. ಎಷ್ಟೋ ತಿಂಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು.

"ಅವ್ವಾ, ಮಣ್ಣು ಹಾಕಬೇಡಿ. ನೆಲದ ಮಣ್ಣಲ್ಲಿ ಧನುರ್ವಾಯು ತರೋ ಕ್ರಿಮಿ ಇರುತ್ತೆ. ತೆರೆದ ಗಾಯ ಅದು. ಅಂಗಮ್ಮ ಹೇಳಿದ್ದೇ ಸರಿ. ಆಸ್ಪತ್ರೇಲಿ ಒಂದು ಊಸಿ, ಇಂಜೆಕ್ಷನ್ನೂ ಹಾಕಿಸಿಬಿಡಿ."

"ನನಗೆ ಹಾಕಿದ್ರು, ನಿನಗೂ ನಾನೇ ಮೆತ್ತಿದೆ. ಸತ್ತು ಹೋದೆವಾ?"

"ನನ್ನ ಕೈ ತಿಂಗಳಿಡೀ ಕೀವಾಗಿತ್ತು, ಮರೆತೆಯಾ? ನಿನ್ನ ತಂಗಿ ಮದುವೆಗೆ ಮುಂಚೆ ಹೋದಳಲ್ಲ, ಹೇಗೆ ಹೋದಳು?"

"ಅವಳನ್ನ ಚೌಡಮ್ಮ ಕರೆಸಿಕೊಂಡಳು."

"ಹಾಗೆ ಎಷ್ಟು ಜನರನ್ನ ಕರೆಸಿಕೊಂಡಳೋ, ಯಾರಾದ್ರೂ ಕೇಳಿದ್ದೀರಾ ಅವ್ವಾ?"

ಜಾನಕಿಯಮ್ಮ ಬಾಗಿಲ ಹತ್ತಿರ ಬಂದು ನಿಂತಳು. ದನಿ ಏರಿಸಲಿಲ್ಲ. "ಪಡಿಪ್ಪು, ಪಡಿಪ್ಪು ಅಂತೀಯಲ್ಲ. ನಿನ್ನ ಬಿ.ಎಸ್ಸಿ. ಪಡಿಪ್ಪು ನಿನ್ನ ಗಂಡನ್ನ ಉಳಿಸಿತೇನೇ?"

ತಿರುಮಲೈಸಾಮಿ ಗುಂಡಿಯೊಳಗೆ ಕೈಯಿಟ್ಟು, ಏಳು ತಲೆಮಾರಿನ ಪಾದ ತುಳಿದ ಆ ತೇವದ ಮಣ್ಣನ್ನು ಒಂದು ಹಿಡಿ ತೆಗೆದು ತಾಯಿಗೆ ಕೊಟ್ಟನು. ಕೊಡುವ ಮುಂಚೆ ಕಣ್ಣಿಗೊತ್ತಿಕೊಂಡನು. ಮಗಳ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಕೊರತೆಯಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಇಂಥ ಮನೆಗಳಲ್ಲಿ ಕೇಡು ಬರುವುದು ಹಗೆಯಿಂದಲ್ಲವಲ್ಲ.

ಮೂರನೆಯ ದಿನ ಕೈ ಊದಿತು. ಮಧ್ಯಾಹ್ನ ಮನೆ ತೂಕಡಿಸುವಾಗ ಸಾಂತಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಳು. ಈಚೆಗೆ ಅವಳು, ಆಚೆಗೆ ವಿಜಯಕುಮಾರಿ.

"ಅತ್ತೆ, ನನ್ನ ಕಟ್ಟಿಕೊಳ್ಳೋ ಮಾಪಿಳ್ಳೆಯದು ತರಕಾರಿ ಮಂಡಿ ತಾನೆ? ನನ್ನ ಕೈ ಕಂಡು ಸೋರೆಕಾಯಿ ಅಂದ್ಕೊಂಡು ತಕ್ಕಡಿಗೆ ಹಾಕಿಬಿಟ್ಟರೆ?"

"ತುಂಬಾ ನೋವಾ, ನನ್ನ ಕಣ್ಣೇ?"

"ಮಣ್ಣು ಒಣಗಿ ಎಳೀತದೆ. ಒಳಗೆ ತುರಿಕೆ. ಒಂದು ಚೊಂಬು ನೀರು ಹುಯ್ಕೊಂಡುಬಿಡಲಾ? ಯಾರೂ ನೋಡ್ತಿಲ್ಲ."

ವಿಜಯಕುಮಾರಿಯ ಮಗ್ಗುಲಲ್ಲೇ ಒಲೆಯ ಮೇಲೆ ಬಿಸಿನೀರಿತ್ತು. ಬಾಗಿಲಿಗೆ ಚಿಲಕವೂ ಇರಲಿಲ್ಲ. ಅವಳು ಎದ್ದು ನಿಂತಳು. ಗಂಡನ ಮಾತು ಎತ್ತಿದ ತಾಯಿಯ ದನಿ ಕಿವಿಯಲ್ಲಿತ್ತು. ತನ್ನ ಕಣ್ಣು ಬಿದ್ದು ಮದುವೆಗೇನಾದರೂ ಆದರೆ? ನಂಬಿಕೆಯಿಲ್ಲದವಳೂ ಒಂದು ಗಳಿಗೆ ಹೆದರಿದಳು. ಮತ್ತೆ ಕೂತಳು.

"ನಿಮ್ಮ ಅವ್ವನ್ನ ಕೇಳು," ಎಂದಳು.

ಅಷ್ಟೇ ಅಂದಳು. ಮುಂದೆ ಬದುಕಿದಷ್ಟು ಕಾಲವೂ ಆ ಮೂರು ಮಾತು ಅವಳ ಬೆನ್ನು ಬಿಡಲಿಲ್ಲ.

ಐದನೆಯ ದಿನ ಸಾಂತಿ ಸರಿಯಾಗಿ ಉಣ್ಣಲಿಲ್ಲ. ದವಡೆ ನೋವು ಎಂದಳು. "ಮದುವೆ ಹೆಣ್ಣು, ನಾಚಿಕೆ," ಎಂದಳು ಅಜ್ಜಿ. ಆರನೆಯ ಬೆಳಗ್ಗೆ ಬಾಯಿಗೆ ಬೆರಳೂ ತೂರುವಂತಿರಲಿಲ್ಲ. ತುಟಿಗಳು ಎರಡು ಕಡೆಗೂ ಎಳೆದುಕೊಂಡು ಹಲ್ಲು ಕಾಣಿಸುತ್ತಿದ್ದವು.

"ನೋಡೇ ಅಮ್ಮಣಿ, ಮಗು ನಗ್ತಾ ಇದೆ," ಎಂದಳು ಜಾನಕಿಯಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. "ನಮ್ಮ ಚೌಡಮ್ಮ ಮೈಮೇಲೆ ಬಂದಿದ್ದಾಳೆ. ಮನೆಗೆ ಪುಣ್ಯ ಬಂತು."

ಗುಡಿಯಿಂದ ಪೂಜಾರಿಯನ್ನು ಕರೆತಂದರು. ಅವನು ಗಂಟೆ ಬಾರಿಸಿದ. ಗಂಟೆಯ ಸದ್ದಿಗೆ ಸಾಂತಿಯ ಮೈ ಬಿಲ್ಲಿನ ಹಾಗೆ ಬಗ್ಗಿ, ತಲೆ ಮತ್ತು ಹಿಮ್ಮಡಿ ಮಾತ್ರ ಚಾಪೆಗೆ ತಾಕಿ, ನಡು ಮೇಲೆದ್ದಿತು. ಸೇರಿದ ಹೆಂಗಸರು "ತಾಯೇ, ತಾಯೇ" ಎಂದು ಅಡ್ಡಬಿದ್ದರು. ಪೂಜಾರಿ ಇನ್ನೂ ಜೋರಾಗಿ ಬಾರಿಸಿದ.

ಅಡುಗೆಮನೆಯ ಬಾಗಿಲು ತೆರೆಯಿತು.

ವಿಜಯಕುಮಾರಿ ಎಲ್ಲರ ನಡುವೆ ಬಂದು ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದಳು. ಸದ್ದು ಸತ್ತಿತು. ಆಗ ಬೀದಿಯ ಬೇರೆ ಮನೆಗಳ ಮಗ್ಗದ ಸದ್ದು ಕೇಳಿಸಿತು. ಟಕ್ ಎಂದಾಗಲೆಲ್ಲ ಹುಡುಗಿಯ ಮೈ ಸೆಟೆಯುತ್ತಿತ್ತು.

"ಅಣ್ಣಾ, ನೋಡು. ಲಾಳಿ ಬಡಿದಾಗಲೆಲ್ಲ ಬೆಚ್ಚುತ್ತಾಳೆ. ದೇವರು ಬಂದಿದ್ದರೆ ಮಗ್ಗದ ಸದ್ದಿಗೆ ಹೆದರುತ್ತದಾ? ಇದು ಧನುರ್ವಾಯು. ಕಾರು ತರಿಸು. ಬೀದೀಲಿ ಮಗ್ಗ ನಿಲ್ಲಿಸೋಕೆ ಹೇಳು."

"ಮುಂಡೆ, ಹಚ್ಚೆ ನೋಡಿಬಿಟ್ಟೆಯಲ್ಲೇ! ನಿನ್ನ ಕಣ್ಣು ಬಿತ್ತಲ್ಲೇ!" ಎಂದು ಜಾನಕಿಯಮ್ಮ ಎದೆ ಬಡಿದುಕೊಂಡಳು.

ತಿರುಮಲೈಸಾಮಿ ತಾಯಿಯನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ. ಒಂದೊಂದೇ ಮನೆಯ ಮಗ್ಗ ನಿಲ್ಲುತ್ತಾ ಹೋದದ್ದು ಒಳಗಿದ್ದವರಿಗೆ ಕೇಳಿಸಿತು.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅವಳನ್ನು ಕತ್ತಲು ಕೋಣೆಯಲ್ಲಿ ಮಲಗಿಸಿದರು. ಸದ್ದಾಗಬಾರದೆಂದು ದಾದಿಯರು ಬರಿಗಾಲಲ್ಲಿ ನಡೆದರು. ವೈದ್ಯರು ಕೈಯ ಮೇಲಿನ ಹೆಪ್ಪುಗಟ್ಟಿದ ಮಣ್ಣನ್ನು ದೀಪ ಹಿಡಿದು ನೋಡಿದರು. ಕೀವು ಕಟ್ಟಿದ ಕಡೆಯದಷ್ಟನ್ನು ಕೆರೆದು ತೆಗೆದರು.

"ಇದೇನಮ್ಮ ಇದು?" ಎಂದು ತಮಿಳಿನಲ್ಲಿ ಕೇಳಿದರು.

ಅಮ್ಮಣಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಗುತ್ತ ಬಂದಿತು.

"ಮೊದಲ ದಿನವೇ ತೊಳೆದು ಒಂದು ಊಸಿ ಹಾಕಿಸಿದ್ದರೆ..." ಎಂದರು ವೈದ್ಯರು.

ಒಂಬತ್ತನೆಯ ದಿನ ಬೆಳಗ್ಗೆ ಸಾಂತಿ ತೀರಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಮನೆಗೆ ತಂದು ಮಗ್ಗದ ಕೋಣೆಯಲ್ಲಿ ಮಲಗಿಸಿದರು. ಆ ಮುಖದ ಮೇಲೆ ಆ ನಗು ಇನ್ನೂ ಹಾಗೆಯೇ ಇತ್ತು. ಮೈ ತೊಳೆಯಬೇಕು. ಬೀದಿಯ ಹೆಂಗಸರು ಹಿಂದೆ ಸರಿದರು. ಮದುವೆ ಗೊತ್ತಾಗಿ ಸತ್ತ ಹುಡುಗಿಯನ್ನು ಮುತ್ತೈದೆಯರು ಮುಟ್ಟುವುದಿಲ್ಲ. ಜಾನಕಿಯಮ್ಮ ತಲೆಯೆತ್ತದೆ ಹೇಳಿದಳು:

"ವಿಜೀ, ನೀನು ಬಾ. ನೀನು ತೊಳೆಯಬಹುದು."

ಒಂಬತ್ತು ದಿನ ಯಾರ ಕಣ್ಣು ಬೀಳಬಾರದೆಂದಿದ್ದರೋ ಅವಳ ಕೈ ಇಂದು ಬೇಕಾಯಿತು. ವಿಜಯಕುಮಾರಿ ನೀರು ಕಾಯಿಸಿದಳು. ಕಾಯಿಸುವ ಅಗತ್ಯವಿರಲಿಲ್ಲ. ಆದರೂ ಕಾಯಿಸಿ, ಆರಿಸಿ, ಬಿಳಿ ಬಟ್ಟೆ ಅದ್ದಿ ಆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಚ್ಚೆಯ ಮೇಲೆ ಉಳಿದಿದ್ದ ಮಣ್ಣು ನಿಧಾನವಾಗಿ ಬಿಟ್ಟಿತು. ನೀರು ಕಂದಾಯಿತು. ಕೆಳಗೆ ಲಾಳಿ ಕಂಡಿತು, ಹಸಿರು ಹಸಿರಾಗಿ, ಎರಡು ಕಡೆಗೂ ಹೂವು. ಅಂಗಮ್ಮನ ಕೆಲಸ ಅಚ್ಚುಕಟ್ಟಾಗಿತ್ತು.

ಆಗ ಅವಳು ಅತ್ತಳು. ಗಂಡನ ಹೆಣದ ಮುಂದೆ ಬಾರದ ಅಳು ಅದು.

ಜಾನಕಿಯಮ್ಮ ತೆವಳಿಕೊಂಡು ಮಗ್ಗದ ಗುಂಡಿಯ ಬಳಿ ಹೋದಳು. ಬಗ್ಗಿ, ಚಿಟಿಕೆ ಮಣ್ಣು ತೆಗೆದುಕೊಂಡು, ಮೊಮ್ಮಗಳ ಹಣೆಗೆ ಇಡಲು ಕೈ ಚಾಚಿದಳು. ಬಂದು ಇಪ್ಪತ್ತು ವರ್ಷವಾಗಿದ್ದರೂ ಅತ್ತೆಗೆ ಎದುರು ಮಾತಾಡದ ಅಮ್ಮಣಿ ಆ ಮಣಿಕಟ್ಟನ್ನು ಹಿಡಿದಳು.

"ಬೇಡ ಅತ್ತೆ. ಅವಳಿಗೆ ಕೊಡೋದೆಲ್ಲ ಕೊಟ್ಟಾಯ್ತು."

"ಹಿರಿಯರ ಮಣ್ಣು ಕಣೇ... ಜೊತೆಗೆ ಹೋಗಲಿ..."

"ಜೊತೆಗೇ ಹೋಗ್ತಾ ಇದೆ."

ಮುದುಕಿಯ ಬೆರಳು ಸಡಿಲವಾದವು. ಮಣ್ಣು ಉದುರಿತು. ಅಮ್ಮಣಿ ಎದ್ದು, ಕಂಬದ ಹಿಂದೆ ತನ್ನ ಬಲಗೈಯನ್ನು ಲಂಗದೊಳಗೆ ಅಡಗಿಸಿಕೊಂಡು ನಿಂತಿದ್ದ ಜಾನಮ್ಮನನ್ನು ಕರೆತಂದಳು. ಆ ಕೈಯನ್ನು ಹೊರಗೆಳೆದು, ಏನೂ ಬರೆಯದ ಆ ಎಳೆಯ ಮುಂಗೈಯನ್ನು, ಬೀದಿಯ ಹೆಂಗಸರೆಲ್ಲ ನೋಡುತ್ತಿರುವಂತೆ, ವಿಜಯಕುಮಾರಿಯ ಒದ್ದೆ ಕೈಯಲ್ಲಿಟ್ಟಳು.

"ಇವಳಿಗೆ ಮುಳ್ಳು ಚುಚ್ಚಿದರೂ ನೀನೇ ತೊಳೀಬೇಕು, ವಿಜಿ. ಯಾರು ಬೇಡ ಅಂದರೂ ನಿಲ್ಲಬೇಡ. ನಾನೇ ಬೇಡ ಅಂದರೂ ನಿಲ್ಲಬೇಡ."

ಹಿಂದಿನ ಸಾಲಿನಲ್ಲಿದ್ದ ಒಬ್ಬ ಎಳೆಯ ಮುತ್ತೈದೆ ಮುಂದೆ ಬಂದು, ಕಂದಾದ ನೀರಿನ ಬೋಗುಣಿಯನ್ನು ಎತ್ತಿಕೊಂಡು ಹೋಗಿ ಚೆಲ್ಲಿ, ಹೊಸ ನೀರು ತಂದಿಟ್ಟಳು.